ಒಮ್ಮೆ ಒತ್ತಿದ್ದು ಎರಡಾದದ್ದು ಹೇಗೆ?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದಕ್ಕೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕುಳಿತು ನಾವು ಮೂವರು ಸಣ್ಣದೊಂದು ಆಂಡ್ರಾಯ್ಡ್ ಆ್ಯಪ್ ಮಾಡಿಕೊಟ್ಟಿದ್ದೆವು. ರೈತರ ಹೆಸರು, ಚೀಲಗಳ ಎಣಿಕೆ ತುಂಬಿ ‘ಉಳಿಸಿ’ ಒತ್ತಿದರೆ ಸರ್ವರ್‌ಗೆ ಒಂದು ರಿಕ್ವೆಸ್ಟ್ ಹೋಗುತ್ತಿತ್ತು. ಸುಗ್ಗಿಯಲ್ಲಿ ಪ್ರಾಂಗಣ ತುಂಬಿ ನೆಟ್‌ವರ್ಕ್ ಏದುಸಿರು ಬಿಡುತ್ತಿದ್ದ ದಿನವೊಂದರಲ್ಲಿ 42 ಚೀಲಗಳ ಒಂದು ಲಾಟ್ ಲೆಕ್ಕದಲ್ಲಿ ಎರಡು ಬಾರಿ ಕಾಣಿಸಿಕೊಂಡಿತು. ‘ನಾ ಒಂದ ಸರತಿ ಒತ್ತೇನ್ರೀ, ಎರಡ ಹೆಂಗ ಬಂತು?’ ಎಂದು ಗುಮಾಸ್ತರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಕಾರಣ ಹುಡುಕುತ್ತ ಹೊರಟವರು ನಾವು ಹತ್ತು ಹದಿನೈದು ವರ್ಷ ಹಿಂದಕ್ಕೆ ಹೋಗಬೇಕಾಯಿತು.

2008ರಲ್ಲಿ ಆಂಡ್ರಾಯ್ಡ್ ಬಂದಾಗ ವೆಬ್ ರಿಕ್ವೆಸ್ಟ್ ಕಳಿಸಲು ಅದರೊಳಗೆ ಎರಡು ದಾರಿಗಳಿದ್ದವು: ಅಪಾಚೆಯ ಎಚ್‌ಟಿಟಿಪಿ ಕ್ಲೈಂಟ್ ಮತ್ತು ಜಾವಾದ ಎಚ್‌ಟಿಟಿಪಿ ಯುಆರ್‌ಎಲ್ ಕನೆಕ್ಷನ್. ಮೊದಲನೆಯದು ಭಾರವಾಗಿತ್ತು, ಎರಡನೆಯದರಲ್ಲಿ 2.2ರ ಆವೃತ್ತಿ ಬರುವವರೆಗೂ ದೋಷವೊಂದಿದ್ದು, ಒಮ್ಮೆ ಬಳಸಿದ ಸಂಪರ್ಕವನ್ನು ಮತ್ತೆ ಬಳಸಹೋದರೆ ಅದು ಕೆಡುತ್ತಿತ್ತು. ಆದರೆ ನಿಜವಾದ ತೊಡಕು ಕಾಯುವುದರಲ್ಲಿತ್ತು. ಪರದೆಯ ಚಿತ್ರ ಬಿಡಿಸುವ, ಬೆರಳಿನ ಸ್ಪರ್ಶಕ್ಕೆ ಓಗೊಡುವ ಮುಖ್ಯ ಥ್ರೆಡ್ಡೇ (ಥ್ರೆಡ್ ಎಂದರೆ ಆ್ಯಪ್‌ನ ಕೆಲಸಗಳು ಒಂದಾದ ಮೇಲೊಂದು ಸಾಗುವ ಎಳೆ) ಸರ್ವರ್‌ನ ಉತ್ತರಕ್ಕಾಗಿ ಕಾದು ನಿಂತರೆ ಆ್ಯಪ್ ಮರಗಟ್ಟುತ್ತದೆ, ಸ್ಪರ್ಶಕ್ಕೆ 5 ಸೆಕೆಂಡು ಉತ್ತರ ಬಾರದಿದ್ದರೆ ‘ಆ್ಯಪ್ ಸ್ಪಂದಿಸುತ್ತಿಲ್ಲ’ ಎಂಬ ಫಲಕ ಬರುತ್ತದೆ. 2011ರ 3.0 ಆವೃತ್ತಿಯಿಂದ ಮುಖ್ಯ ಥ್ರೆಡ್‌ನಲ್ಲಿ ನೆಟ್‌ವರ್ಕ್ ಮುಟ್ಟಿದ ಹೊಸ ಆ್ಯಪ್‌ಗಳನ್ನು ಆಂಡ್ರಾಯ್ಡ್ ಅಲ್ಲಿಯೇ ಕೆಡವತೊಡಗಿತು. ಹಿನ್ನೆಲೆಯಲ್ಲಿ ಕೆಲಸ ಮಾಡಲು ಆಂಡ್ರಾಯ್ಡ್‌ನಲ್ಲೇ ಅಸಿಂಕ್‌ಟಾಸ್ಕ್ ಎಂಬ ಸಾಧನ ಇತ್ತಾದರೂ, ಬಳಕೆದಾರ ಫೋನನ್ನು ಅಡ್ಡ ಹಿಡಿದೊಡನೆ ಹಳೆಯ ಪರದೆ ಅಳಿದು, ಬಂದ ಉತ್ತರ ಮನೆ ಬದಲಿಸಿದವರ ಹೆಸರಿನ ಕಾಗದದಂತೆ ಅಲೆಯುತ್ತಿತ್ತು. 2020ರಲ್ಲಿ ಗೂಗಲ್ ಅದನ್ನು ಬಳಸಬೇಡಿರೆಂದು ಅಧಿಕೃತವಾಗಿಯೇ ಸೂಚಿಸಿತು.

ಈ ಹೊರೆಯನ್ನು ಇಳಿಸಿದ್ದು 2013ರ ಗೂಗಲ್ ಐ/ಒ ಸಮಾವೇಶದಲ್ಲಿ ಪರಿಚಯವಾದ ವಾಲಿ ಎಂಬ ಹಗುರ ಲೈಬ್ರರಿ, ಅಂದರೆ ಆ್ಯಪ್‌ನಲ್ಲಿ ಸೇರಿಸಿಕೊಳ್ಳುವ ಸಿದ್ಧ ಕೋಡಿನ ಕಟ್ಟು. ರಿಕ್ವೆಸ್ಟ್‌ಗಳನ್ನು ಸರದಿಯಲ್ಲಿ ನಿಲ್ಲಿಸಿ, 4 ನೆಟ್‌ವರ್ಕ್ ಥ್ರೆಡ್‌ಗಳಿಗೆ ಹಂಚಿ, ಉತ್ತರವನ್ನು ಮುಖ್ಯ ಥ್ರೆಡ್‌ಗೆ ತಾನೇ ತಲುಪಿಸುವ ಅದು, ಪರದೆ ಮುಚ್ಚಿದಾಗ ಬಾಕಿ ಉಳಿದವನ್ನು ಒಟ್ಟಿಗೇ ರದ್ದು ಮಾಡುವ ಸೌಲಭ್ಯವನ್ನೂ ಕೊಟ್ಟಿತು. ಇಡೀ ಉತ್ತರವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವುದರಿಂದ ದೊಡ್ಡ ಫೈಲುಗಳಿಗೆ ಅದು ಸಲ್ಲದು. ಅದೇ ಕಾಲದಲ್ಲಿ ಸ್ಕ್ವೇರ್ ಕಂಪನಿಯ ಓಕೆಎಚ್‌ಟಿಟಿಪಿ, ರೆಟ್ರೋಫಿಟ್ ಎಂಬ ಲೈಬ್ರರಿಗಳೂ ಬೆಳೆದವು, ಆಂಡ್ರಾಯ್ಡ್ 4.4 ತನ್ನ ಒಡಲೊಳಗೇ ಓಕೆಎಚ್‌ಟಿಟಿಪಿಯನ್ನು ಸೇರಿಸಿಕೊಂಡಿತು, 2015ರ 6.0 ಅಪಾಚೆಯ ಕ್ಲೈಂಟನ್ನು ಕೈಬಿಟ್ಟಿತು.

ಹಗುರವೆಂದರೆ ಫೈಲಿನ ಗಾತ್ರವಷ್ಟೇ ಎಂದು ನಾವು ತಿಳಿದಿದ್ದೆವು. ನಮ್ಮ ಪರವಾಗಿ ಲೈಬ್ರರಿಯೇ ತೆಗೆದುಕೊಂಡ ನಿರ್ಧಾರಗಳೂ ಆ ಹಗುರದೊಳಗೆ ಅಡಗಿರುತ್ತವೆ. ನಮ್ಮ ಆ್ಯಪ್‌ನಲ್ಲಿ ಬಳಸಿದ್ದ ವಾಲಿ, ನಾವೇನೂ ಹೇಳದಿದ್ದರೆ, ಎರಡೂವರೆ ಸೆಕೆಂಡು ಕಾಯುತ್ತದೆ, ಉತ್ತರ ಬಾರದಿದ್ದರೆ ಅದೇ ರಿಕ್ವೆಸ್ಟನ್ನು ಇನ್ನೊಮ್ಮೆ ಕಳಿಸುತ್ತದೆ. ಓಕೆಎಚ್‌ಟಿಟಿಪಿಯ ಸಹಜ ಮಿತಿ 10 ಸೆಕೆಂಡು. ದರ ಕೇಳುವ ‘ಗೆಟ್’ ರಿಕ್ವೆಸ್ಟ್ ಎರಡು ಬಾರಿ ಹೋದರೆ ಬಾಧಕವಿಲ್ಲ, ಚೀಲ ಬರೆಸುವ ‘ಪೋಸ್ಟ್’ ರಿಕ್ವೆಸ್ಟ್ ಎರಡು ಬಾರಿ ಹೋದರೆ ಲೆಕ್ಕವೇ ಎರಡಾಗುತ್ತದೆ. ಅಂದು ಸರ್ವರ್ ಮೊದಲ ರಿಕ್ವೆಸ್ಟನ್ನು ಬರೆದುಕೊಂಡಾಗಿತ್ತು, ಉತ್ತರ ಮಾತ್ರ ದಾರಿಯಲ್ಲಿತ್ತು.

ಮರುಪ್ರಯತ್ನವನ್ನು ಸೊನ್ನೆಗಿಳಿಸಿ, ಕಾಯುವ ಅವಧಿಯನ್ನು 15 ಸೆಕೆಂಡಿಗೆ ಏರಿಸಿದೆವು. ಒಂದು ವಾರದಲ್ಲಿ ಮತ್ತೆ ಜೋಡಿ ಲಾಟ್! ಈ ಬಾರಿ ತಾಳ್ಮೆಗೆಟ್ಟ ಗುಮಾಸ್ತರೇ ಎರಡನೆಯ ಸಲ ಒತ್ತಿದ್ದರು, ಹಾಗೆಂದು ಅವರೇ ನಗುತ್ತ ಹೇಳಿದರು. ಆಮೇಲೆ ಫಾರ್ಮ್ ತೆರೆದ ಕ್ಷಣದಲ್ಲೇ ಫೋನು ಆ ಲಾಟ್‌ಗೆ ಬೇರಾವುದಕ್ಕೂ ಬಾರದ ಒಂದು ಸಂಖ್ಯೆಯನ್ನು ಹುಟ್ಟಿಸುವಂತೆ ಮಾಡಿದೆವು. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸದಾಗಿ ಏನನ್ನೂ ಬರೆಯದೆ ಮೊದಲಿನ ಉತ್ತರವನ್ನೇ ಮರಳಿಸುತ್ತದೆ, ಗುಮಾಸ್ತರು ಎಷ್ಟು ಸಲ ಒತ್ತಿದರೂ 42 ಚೀಲ 42 ಆಗಿಯೇ ಉಳಿಯುತ್ತದೆ.