ಕಾಗುಣಿತ ತಪ್ಪು ಕಂಡರೆ ಮೈ ಉರಿಯುತ್ತದೆ: ತಿದ್ದಬೇಕಾ, ಬಿಡಬೇಕಾ?

ಪ್ರಶ್ನೆ: ಬೋರ್ಡು, ಕರಪತ್ರ, ಮೊಬೈಲಿಗೆ ಬರುವ ಮೆಸೇಜು, ಎಲ್ಲಿ ನೋಡಿದರೂ ಕನ್ನಡದಲ್ಲಿ ತಪ್ಪು. ‘ವಿಧ್ಯಾರ್ಥಿ’, ‘ಆರ್ಶೀವಾದ’, ‘ಹಾರ್ಧಿಕ ಶುಭಾಷಯ’. ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಓದು ಬರಹ ಬಲ್ಲವರೂ ಯಾಕೆ ಹೀಗೆ ಬರೆಯುತ್ತಾರೆ? ತಿದ್ದಿದರೆ ಅವರಿಗೆ ಬೇಜಾರು, ಸುಮ್ಮನಿದ್ದರೆ ನನಗೆ ಸಮಾಧಾನ ಇಲ್ಲ. ಏನು ಮಾಡಲಿ?

ಉತ್ತರ: ಭಾಷೆಯ ಮೇಲೆ ಪ್ರೀತಿ ಇದ್ದವರಿಗೆ ಈ ಸಿಟ್ಟು ಬಂದೇ ಬರುತ್ತದೆ. ಅದನ್ನು ನುಂಗಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆದರೆ ಎಲ್ಲ ತಪ್ಪಿಗೂ ‘ಅಸಡ್ಡೆ’ ಎಂಬ ಒಂದೇ ಕಾರಣ ಕೊಟ್ಟರೆ ನ್ಯಾಯವಾಗುವುದಿಲ್ಲ. ನೀವು ಕೊಟ್ಟ ಉದಾಹರಣೆಗಳನ್ನೇ ನೋಡೋಣ. ಒಂದೊಂದರ ಹಿಂದೆಯೂ ಬೇರೆ ಬೇರೆ ಕಾರಣ ಇದೆ.

‘ಆರ್ಶೀವಾದ’ದಿಂದ ಶುರು ಮಾಡುತ್ತೇನೆ. ಈ ತಪ್ಪು ಮಾಡುವವರು ನಿಜಕ್ಕೂ ಕಿವಿಗೊಟ್ಟು ಬರೆಯುತ್ತಿದ್ದಾರೆ. ಪದವನ್ನು ಬಾಯಿಬಿಟ್ಟು ಹೇಳಿ: ಆ-ಶೀರ್-ವಾ-ದ. ‘ಶೀ’ ಆದಮೇಲೆ ‘ರ್’ ಕೇಳಿಸುತ್ತದೆ. ಹಾಗಾಗಿ ಕೈ ‘ಶೀ’ ಬರೆದು, ಅದರ ಪಕ್ಕದಲ್ಲೇ ಅರ್ಕಾವತ್ತು ಇಟ್ಟು, ಆಮೇಲೆ ‘ವಾದ’ ಬರೆಯುತ್ತದೆ. ತೊಂದರೆ ಇರುವುದು ಅರ್ಕಾವತ್ತಿನ ನಿಯಮದಲ್ಲಿ. ಅದನ್ನು ಅಕ್ಷರದ ನಂತರ ಬರೆಯುತ್ತೇವೆ, ಆದರೆ ಅಕ್ಷರಕ್ಕಿಂತ ಮೊದಲು ಓದುತ್ತೇವೆ. ಅಂದರೆ ಅದು ‘ವಾ’ ಪಕ್ಕದಲ್ಲಿ ಕೂರಬೇಕು. ಕನ್ನಡದಲ್ಲಿ ಬರೆಯುವ ಕ್ರಮ ಮತ್ತು ಓದುವ ಕ್ರಮ ಹೀಗೆ ತಿರುವುಮುರುವಾಗುವ ಜಾಗ ತೀರಾ ಕಡಿಮೆ. ಆದ್ದರಿಂದಲೇ ಎಡವುವವರು ಜಾಸ್ತಿ. ಗೊಂದಲ ಆದಾಗ ‘ರ್’ ಆದಮೇಲೆ ಯಾವ ಅಕ್ಷರ ಕೇಳಿಸುತ್ತದೆ ಅಂತ ನೋಡಿಕೊಂಡರೆ ಸಾಕು. ಅರ್ಕಾವತ್ತು ಸೇರುವುದು ಆ ಅಕ್ಷರಕ್ಕೆ. ಮೊಬೈಲಿನಲ್ಲಿ ಟೈಪ್ ಮಾಡುವಾಗಂತೂ ಕೇಳಿಸಿದ ಕ್ರಮದಲ್ಲೇ ಒತ್ತಿದರೆ ಅದು ತಾನಾಗಿಯೇ ಸರಿಯಾದ ಜಾಗಕ್ಕೆ ಹೋಗುತ್ತದೆ.

‘ವಿಧ್ಯಾರ್ಥಿ’, ‘ಹಾರ್ಧಿಕ’ ಇವು ಮಹಾಪ್ರಾಣದ ತಪ್ಪುಗಳು. ನನ್ನ ಪ್ರಕಾರ ಕನ್ನಡ ಬರೆಯುವವರನ್ನು ಜಾಸ್ತಿ ಕಾಡುವುದು ಇದೇ. ಅಚ್ಚಗನ್ನಡದ ಪದಗಳಲ್ಲಿ ಮಹಾಪ್ರಾಣ ಇಲ್ಲವೆನ್ನುವಷ್ಟು ಅಪರೂಪ. ಖ, ಘ, ಧ, ಭ ಇರುವ ಪದಗಳಲ್ಲಿ ಹೆಚ್ಚಿನವು ಸಂಸ್ಕೃತದಿಂದಲೋ ಬೇರೆ ಭಾಷೆಗಳಿಂದಲೋ ಬಂದವು. ದಿನದ ಮಾತಿನಲ್ಲಿ ನಮ್ಮಲ್ಲಿ ಬಹಳ ಮಂದಿ ಇವನ್ನು ಬಿಡಿಸಿ ಉಚ್ಚರಿಸುವುದೂ ಇಲ್ಲ. ‘ಭಾಷೆ’ಯ ಭ, ‘ಬಾಗಿಲು’ ಪದದ ಬ, ಎರಡೂ ಬಾಯಲ್ಲಿ ಒಂದೇ ಆಗಿಬಿಡುತ್ತವೆ. ಕಿವಿಗೆ ಕೇಳದ ವ್ಯತ್ಯಾಸವನ್ನು ಕೈ ಹೇಗೆ ಬರೆಯಬೇಕು? ಕಣ್ಣಿನಿಂದ ನೆನಪಿಟ್ಟುಕೊಳ್ಳಬೇಕು, ಅಷ್ಟೇ. ಯಾರ ಕಣ್ಣಿಗೆ ಒಳ್ಳೆಯ ಅಚ್ಚಿನ ಕನ್ನಡ ಕಡಿಮೆ ಬಿದ್ದಿದೆಯೋ ಅವರು ಊಹಿಸುತ್ತಾರೆ. ಊಹೆ ಅರ್ಧ ಸಲ ತಪ್ಪಾಗುತ್ತದೆ. ಒಬ್ಬರೇ ಒಂದು ಪದವನ್ನು ‘ಅದ್ಯಕ್ಷ’ ಅಂತಲೂ ಇನ್ನೊಂದನ್ನು ‘ವಿಧ್ಯುತ್’ ಅಂತಲೂ ಬರೆಯುವುದು ಇದಕ್ಕೇ. ಬೇಕಾದ ಕಡೆ ಬಿಡುತ್ತಾರೆ, ಬೇಡದ ಕಡೆ ಹಾಕುತ್ತಾರೆ.

ಇಲ್ಲಿ ಪದವನ್ನು ಒಡೆದು ನೋಡುವುದು ತುಂಬಾ ಸಹಾಯ ಮಾಡುತ್ತದೆ. ‘ಹಾರ್ದಿಕ’ ಹುಟ್ಟಿದ್ದು ‘ಹೃದಯ’ದಿಂದ. ಹೃದಯದಲ್ಲಿ ಇರುವುದು ದ, ಹಾಗಾಗಿ ಹಾರ್ದಿಕದಲ್ಲೂ ದ. ‘ವಿದ್ಯಾರ್ಥಿ’ ಅಂದರೆ ವಿದ್ಯೆ ಬಯಸುವವನು, ವಿದ್ಯೆ ಮತ್ತು ಅರ್ಥಿ. ‘ಅಭ್ಯರ್ಥಿ’ಯಲ್ಲಿ ಇರುವುದೂ ಅದೇ ‘ಅರ್ಥಿ’. ‘ಶುಭಾಶಯ’ ಅಂದರೆ ಶುಭ ಮತ್ತು ಆಶಯ, ಅಲ್ಲಿ ‘ಷ’ ಬರಲು ಜಾಗವೇ ಇಲ್ಲ. ಒತ್ತಕ್ಷರಕ್ಕೂ ಒಂದು ಸುಲಭದ ನಿಯಮ ಇದೆ. ಬುದ್ಧಿ, ಯುದ್ಧ, ಶುದ್ಧ, ಪ್ರಸಿದ್ಧ ಇಂಥ ಪದಗಳಲ್ಲಿ ಮೇಲೆ ಅಲ್ಪಪ್ರಾಣ, ಕೆಳಗೆ ಒತ್ತಿನಲ್ಲಿ ಮಹಾಪ್ರಾಣ. ‘ಯುಧ್ದ’ ಅಂತ ಬರೆದರೆ ಎರಡೂ ಅದಲುಬದಲಾಗುತ್ತವೆ. ಸಂಧಿಯ ತಪ್ಪಿಗೂ ಇದೇ ಮದ್ದು. ಜಾತಿ ಮತ್ತು ಅತೀತ ಸೇರಿದರೆ ‘ಜಾತ್ಯತೀತ’, ‘ಜಾತ್ಯಾತೀತ’ ಅಲ್ಲ. ಕೋಟಿ ಮತ್ತು ಅಧಿಪತಿ ಸೇರಿದರೆ ‘ಕೋಟ್ಯಧಿಪತಿ’. ಇಲ್ಲದ ದೀರ್ಘ ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿಕೊಂಡರೆ ಉತ್ತರ ಸಿಕ್ಕಿಬಿಡುತ್ತದೆ.

ಮಹಾಪ್ರಾಣ ತಪ್ಪಿದರೆ ಏನಾಯಿತು, ಅರ್ಥ ಆಗುತ್ತಲ್ವಾ ಅಂತ ಕೆಲವರು ಕೇಳುತ್ತಾರೆ. ಹೆಚ್ಚಿನ ಸಲ ಆಗುತ್ತದೆ, ನಿಜ. ಆದರೆ ‘ಪ್ರದಾನ’ ಅಂದರೆ ಕೊಡುವುದು, ‘ಪ್ರಧಾನ’ ಅಂದರೆ ಮುಖ್ಯ. ‘ಮದ್ಯ’ ಅಂದರೆ ಹೆಂಡ, ‘ಮಧ್ಯ’ ಅಂದರೆ ನಡು. ‘ಧನ’ ದುಡ್ಡು, ‘ದನ’ ಹಸು ಎತ್ತು. ಕೃ ಮತ್ತು ಕ್ರ ಕಲಸಿಹೋಗುವುದೂ ಹೀಗೆಯೇ. ‘ಗೃಹ’ ಮನೆ, ‘ಗ್ರಹ’ ಆಕಾಶದಲ್ಲಿರುವುದು. ಮಗುವಿನ ನೋಟ್‌ಬುಕ್ಕಿನ ಮೇಲೆ ‘ಗ್ರಹಪಾಠ’ ಅಂತ ಇದ್ದರೆ ಅದನ್ನು ತಿದ್ದಲೇಬೇಕು, ಏಕೆಂದರೆ ಮಗು ಅದನ್ನೇ ಕಲಿಯುತ್ತದೆ. ‘ಮಧ್ಯಾಹ್ನ’, ‘ಚಿಹ್ನೆ’ ಈ ಪದಗಳಲ್ಲಿ ಬಾಯಿ ‘ನ’ವನ್ನು ಮೊದಲು ಹೇಳುತ್ತದೆ, ಬರಹದಲ್ಲಿ ‘ಹ’ ಮೊದಲು. ಇದನ್ನೂ ನೋಡಿಯೇ ಕಲಿಯಬೇಕು.

ಅಕಾರ ಹಕಾರದ ವಿಷಯಕ್ಕೆ ಬಂದಾಗ ಮಾತ್ರ ನನಗೆ ಸಿಟ್ಟು ಬರುವುದು ಬರೆದವರ ಮೇಲಲ್ಲ, ನಗುವವರ ಮೇಲೆ. ಎಷ್ಟೋ ಜನರ ಮನೆಮಾತಿನಲ್ಲಿ ಪದದ ಮೊದಲಿನ ‘ಹ’ ಬಿದ್ದುಹೋಗಿದೆ. ಹಾಲು ‘ಆಲು’ ಆಗುತ್ತದೆ, ಹೋಗು ‘ಓಗು’ ಆಗುತ್ತದೆ. ಅವರು ಬರೆಯಲು ಕೂತಾಗ ಎಲ್ಲಿ ‘ಹ’ ಇತ್ತು, ಎಲ್ಲಿ ಇರಲಿಲ್ಲ ಅಂತ ಕಿವಿ ಹೇಳುವುದಿಲ್ಲ. ತಪ್ಪಾಗಬಾರದು ಎಂಬ ಹೆದರಿಕೆಯಿಂದ ‘ಅಭಿಮಾನ’ಕ್ಕೂ ‘ಹ’ ಸೇರಿಸಿ ‘ಹಭಿಮಾನ’ ಮಾಡುತ್ತಾರೆ. ಇದು ಅಸಡ್ಡೆ ಅಲ್ಲ, ಜಾಸ್ತಿ ಎಚ್ಚರಿಕೆಯಿಂದ ಆದ ತಪ್ಪು. ಇದನ್ನು ಆಡಿಕೊಂಡು ನಗುವುದು ಅವರು ಹುಟ್ಟಿ ಬೆಳೆದ ಮನೆಯನ್ನು ಆಡಿಕೊಂಡಂತೆ. ಹೀಗೆ ಬೇರೆಯವರು ನಕ್ಕದ್ದಕ್ಕೇ ಎಷ್ಟೋ ಜನ ಕನ್ನಡ ಅಕ್ಷರದಲ್ಲಿ ಬರೆಯುವುದನ್ನೇ ಬಿಟ್ಟು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯತೊಡಗಿದ್ದಾರೆ. ತಪ್ಪಿರುವ ಕನ್ನಡ ಬರಹಕ್ಕಿಂತ ಅದು ದೊಡ್ಡ ನಷ್ಟ.

ಇನ್ನು ಮೊಬೈಲ್. ಬಹಳ ಜನ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುತ್ತಾರೆ. ಇಂಗ್ಲಿಷಿನಲ್ಲಿ ಲ, ಳ ಎರಡಕ್ಕೂ ಇರುವುದು ಒಂದೇ ಅಕ್ಷರ. ನ, ಣ ಕಥೆಯೂ ಅಷ್ಟೇ. ದೀರ್ಘ ಬೇಕೆಂದರೆ ಇನ್ನೊಮ್ಮೆ ಒತ್ತಬೇಕು, ಅವಸರದಲ್ಲಿ ಅದು ತಪ್ಪುತ್ತದೆ. ಹೀಗೆ ‘ಬೆಳೆ’ ಹೋಗಿ ‘ಬೆಲೆ’ ಆಗುತ್ತದೆ, ‘ಹಳ್ಳಿ’ ಹೋಗಿ ‘ಹಲ್ಲಿ’ ಆಗುತ್ತದೆ, ‘ನೀವು’ ಹೋಗಿ ‘ನಿವು’ ಆಗುತ್ತದೆ. ಇವನ್ನು ಬೆರಳಿನ ತಪ್ಪು ಅಂತ ಬಿಟ್ಟುಬಿಡಬಹುದು. ಆದರೆ ‘ಇನ್ನು’, ‘ಇನ್ನೂ’ ಎರಡೂ ಒಂದೇ ಎಂದುಕೊಂಡವರು ಬಹಳ. ‘ಅವರು ಇನ್ನೂ ಬಂದಿಲ್ಲ’ ಅಂದರೆ ಈವರೆಗೆ ಬಂದಿಲ್ಲ. ‘ಇನ್ನು ಬರುವುದಿಲ್ಲ’ ಅಂದರೆ ಇನ್ನು ಮುಂದೆ ಬರುವುದಿಲ್ಲ. ಒಂದು ದೀರ್ಘ ತಪ್ಪಿದರೆ ಕಾಯಬೇಕೋ ಬೇಡವೋ ಎಂಬುದೇ ಬದಲಾಗುತ್ತದೆ. ನಡುವೆ ಜಾಗ ಬಿಡುವುದೂ ಅಷ್ಟೇ ಮುಖ್ಯ. ‘ಎಲ್ಲರೂ ಬರಬೇಕು’ ಅಂತ ಕರೆಯುವ ಕಡೆ ‘ಬರ ಬೇಕು’ ಅಂತ ಒಡೆದರೆ ಅದು ಬರಗಾಲ ಬೇಕು ಎಂಬ ಅರ್ಥಕ್ಕೆ ತಿರುಗುತ್ತದೆ.

ತಪ್ಪೇ ಅಲ್ಲದ್ದನ್ನು ತಿದ್ದುವವರೂ ಇದ್ದಾರೆ. ‘ಬರುತ್ತೆ’, ‘ಹೋಗ್ತೀನಿ’, ‘ಹೋಗ್ತೇನೆ’ ಇವು ಆಡುಮಾತು. ಗೆಳೆಯರಿಗೆ ಬರೆಯುವಾಗ ಅವೇ ಚೆಂದ. ‘ಪುಸ್ತಕಗಳು ಇದೆ’ ಎಂಬುದು ಮಾತಿನಲ್ಲಿ ನಡೆಯುತ್ತದೆ, ವರದಿಯಲ್ಲಿ ‘ಇವೆ’ ಬೇಕು. ಬರಹದ ನಿಯಮ ಕಾಲಕ್ಕೆ ತಕ್ಕಂತೆ ಬದಲಾಗಿದೆ ಎಂಬುದನ್ನೂ ನೆನಪಿಡಬೇಕು. ಹಳಗನ್ನಡದ ‘ಪಾಲ್’ ಇಂದು ಹಾಲು. ಹಿಂದೆ ಮಳೆಯನ್ನು ‘ಮೞೆ’ ಅಂತ ಬೇರೆಯೇ ಅಕ್ಷರದಲ್ಲಿ ಬರೆಯುತ್ತಿದ್ದರು. 13ನೇ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ ವ್ಯಾಕರಣದಲ್ಲಿ ೞ ಬರುವ ಪದಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಎಲ್ಲರೂ ತಾವಾಗಿಯೇ ಸರಿ ಬರೆಯುತ್ತಿದ್ದರೆ ಪಟ್ಟಿ ಬೇಕಿರಲಿಲ್ಲ ಅಲ್ವಾ? ಆಗಲೇ ೞ, ಳ ಬೆರೆಯತೊಡಗಿದ್ದವು. ಆಮೇಲೆ ಆ ಅಕ್ಷರವೇ ಬಳಕೆಯಿಂದ ಹೋಯಿತು. ನಮ್ಮ ಕಾಲದಲ್ಲಿ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡ ಬರಹಕ್ಕೆ ಮಹಾಪ್ರಾಣವೇ ಬೇಡ ಎಂದು ವಾದಿಸಿದರು, ತಮ್ಮ ಹೆಸರನ್ನೂ ‘ಬಟ್’ ಎಂದೇ ಬರೆದರು. ನಾನು ಅದನ್ನು ಒಪ್ಪುವುದಿಲ್ಲ. ಈಗಾಗಲೇ ಅಚ್ಚಾಗಿರುವ ಅಷ್ಟೂ ಪುಸ್ತಕಗಳನ್ನು ಮುಂದಿನ ಮಕ್ಕಳು ತಡವರಿಸದೆ ಓದಬೇಕು ಎಂಬುದು ನನ್ನ ಕಾರಣ. ಆದರೆ ಅವರು ಎತ್ತಿದ ಪ್ರಶ್ನೆ ತೂಕದ್ದು. ಮಾತಿಗೂ ಬರಹಕ್ಕೂ ನಡುವೆ ಇರುವ ಕಂದಕದಿಂದಲೇ ಮೇಲೆ ಹೇಳಿದ ಅರ್ಧ ತಪ್ಪುಗಳು ಹುಟ್ಟುತ್ತವೆ.

ಹಾಗಾದರೆ ಯಾರನ್ನು ತಿದ್ದಬೇಕು? ಪಠ್ಯಪುಸ್ತಕ, ಪತ್ರಿಕೆ, ಸರ್ಕಾರಿ ಪ್ರಕಟಣೆ, ಔಷಧಿ ಬಳಸುವ ವಿಧಾನ ಬರೆದ ಚೀಟಿ, ಟಿವಿಯ ಕೆಳಗೆ ಓಡುವ ಸಾಲು, ಇವುಗಳಲ್ಲಿ ತಪ್ಪಿದ್ದರೆ ಬಿಡಬೇಡಿ. ಅಲ್ಲಿ ನೋಡಿ ತಿದ್ದುವುದೇ ಕೆಲಸವಾಗಿರುವ ಜನ ಇರುತ್ತಾರೆ, ಇರಬೇಕು. ಸಾವಿರಾರು ಕಣ್ಣುಗಳು ಅದನ್ನು ನೋಡಿ ಅದೇ ಸರಿ ಎಂದುಕೊಳ್ಳುತ್ತವೆ. ಯಾವ ಪುಟ, ಯಾವ ಪದ, ಸರಿ ರೂಪ ಯಾವುದು ಎಂದು ಎರಡು ಸಾಲು ಬರೆದು ಕಳಿಸಿ. ನಿಮ್ಮ ಸಿಟ್ಟಿಗೆ ಅದು ಸರಿಯಾದ ಜಾಗ.

ಬೋರ್ಡು ಬರೆಸುವವರಿಗೆ ಬರೆಯುವ ಮೊದಲೇ ಹೇಳಿದರೆ ಉಪಯೋಗ, ಬಣ್ಣ ಒಣಗಿದ ಮೇಲೆ ಹೇಳಿದರೆ ಬರೀ ನೋವು. ಗೊತ್ತಿರುವವರು ಏನಾದರೂ ಅಚ್ಚು ಹಾಕಿಸುತ್ತಿದ್ದರೆ ‘ಒಂದು ಸಲ ನನಗೂ ತೋರಿಸಿ’ ಅಂತ ನೀವೇ ಕೇಳಿ. ಖುಷಿಯಿಂದ ಕೊಡುತ್ತಾರೆ. ನಿಮಗೇ ಅನುಮಾನ ಬಂದರೆ ನಿಘಂಟು ತೆರೆಯಿರಿ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟಗಳಲ್ಲಿದೆ. ಅಂತರ್ಜಾಲದಲ್ಲಿ ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟು ದುಡ್ಡಿಲ್ಲದೆ ಸಿಗುತ್ತದೆ, ಮೊಬೈಲಿನಲ್ಲೇ ಹುಡುಕಬಹುದು.

ಸ್ವಂತ ಮೆಸೇಜುಗಳ ವಿಷಯ ಬೇರೆ. ಸಾವಿನ ಸುದ್ದಿ, ಮಗು ಹುಟ್ಟಿದ ಸುದ್ದಿ ಬರೆದವರ ಕಾಗುಣಿತವನ್ನು ಯಾರೂ ತಿದ್ದಬಾರದು. ಉಳಿದ ಕಡೆ ನಿಮ್ಮ ಉತ್ತರದಲ್ಲಿ ಅದೇ ಪದವನ್ನು ಸರಿಯಾಗಿ ಬರೆಯಿರಿ. ಅವರು ‘ಶುಭಾಷಯ’ ಎಂದು ಕಳಿಸಿದರೆ ನೀವು ‘ನಿಮಗೂ ಶುಭಾಶಯ’ ಎನ್ನಿ. ಕಣ್ಣಿನಿಂದ ಕಲಿಯುವ ಪದ ಅದು, ನೋಡಿದರೆ ಕೂರುತ್ತದೆ. ನೇರವಾಗಿ ಹೇಳಲೇಬೇಕಾದರೆ ನಾಲ್ಕು ಜನರ ಎದುರು ಬೇಡ, ಅವರೊಬ್ಬರಿಗೇ ಹೇಳಿ. ಒಂದು ಸಲಕ್ಕೆ ಒಂದು ಪದ ಸಾಕು, ಜೊತೆಗೆ ಅದು ಯಾಕೆ ಹಾಗೆ ಎಂಬ ಕಾರಣವನ್ನೂ ಕೊಡಿ. ‘ಹಾರ್ದಿಕ ಬಂದದ್ದು ಹೃದಯದಿಂದ’ ಎಂದು ಒಮ್ಮೆ ಕೇಳಿದವರು ಮತ್ತೆ ಅಲ್ಲಿ ಧ ಬರೆಯುವುದು ಕಷ್ಟ.