ಮನೆಯ ಸ್ಪ್ಯಾನಿಷ್‌ಗೆ ಕಾಲೇಜಿನಲ್ಲಿ ಯಾವ ಕ್ಲಾಸು?

ಟೆಕ್ಸಸ್, ಕ್ಯಾಲಿಫೋರ್ನಿಯಾ, ಇಲಿನಾಯ್ ಕಡೆಯ ಎಷ್ಟೋ ದೊಡ್ಡ ವಿಶ್ವವಿದ್ಯಾಲಯಗಳ ಸ್ಪ್ಯಾನಿಷ್ ವಿಭಾಗಗಳಲ್ಲಿ ಎರಡು ದಾರಿಗಳಿರುತ್ತವೆ. ಒಂದು, ಸ್ಪ್ಯಾನಿಷ್‌ನ ಗಂಧಗಾಳಿ ಇಲ್ಲದವರಿಗೆ. ಇನ್ನೊಂದು, ಮನೆಯಲ್ಲಿ ಅದನ್ನೇ ಕೇಳುತ್ತಾ ಬೆಳೆದು, ಓದು ಬರಹವನ್ನೆಲ್ಲ ಇಂಗ್ಲಿಷಿನಲ್ಲಿ ಮಾಡಿದವರಿಗೆ. ಇವರನ್ನು ಹೆರಿಟೇಜ್ ಸ್ಪೀಕರ್ ಎನ್ನುತ್ತಾರೆ. ನಾನು ಕಲಿಸುವುದು ಇವರಿಗೆ. "ಕನ್ನಡದವರು ನೀವು, ಮೆಕ್ಸಿಕೋದವರ ಮಕ್ಕಳಿಗೆ ಅವರದೇ ಮಾತು ಕಲಿಸೋದು ಅಂದ್ರೇನು?" ಅಂತ ಊರಿಗೆ ಬಂದಾಗಲೆಲ್ಲ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಮಾತು ಅವರಿಗೆ ಆಗಲೇ ಬರುತ್ತದೆ. ಆ ಮಾತಿನಲ್ಲಿ ಶಾಲೆ ಸಿಕ್ಕಿಲ್ಲ, ಅಷ್ಟೇ. ನಮ್ಮ ಕೋರ್ಸ್ ಇರುವುದು ಆ ಶಾಲೆಯ ಪಾಲನ್ನು ತುಂಬಲಿಕ್ಕೆ.

ಕೋರ್ಸಿಗಿಂತ ಮೊದಲಿನ ಒಂದು ಹಂತದಲ್ಲೇ ಜಾಸ್ತಿ ಎಡವಟ್ಟಾಗುತ್ತದೆ. ಯಾವ ಕ್ಲಾಸಿಗೆ ಸೇರಬೇಕು ಎಂದು ಹೇಳುವ ಪ್ಲೇಸ್‌ಮೆಂಟ್ ಪರೀಕ್ಷೆ ಅದು. ಹಳೆಯ ಮಾದರಿಯ ಪರೀಕ್ಷೆಗಳೆಲ್ಲ ವಿದೇಶಿ ಭಾಷೆಯಾಗಿ ಸ್ಪ್ಯಾನಿಷ್ ಕಲಿತವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಬಿಟ್ಟ ಜಾಗ ತುಂಬಿ, ಈ ಕ್ರಿಯಾಪದದ ಸಬ್‌ಜಂಕ್ಟಿವ್ (ಆಸೆ, ಸಂದೇಹ ಹೇಳುವಾಗ ಬರುವ) ರೂಪ ಬರೆಯಿರಿ, ಇಂಥ ಪ್ರಶ್ನೆಗಳು. ನಮ್ಮ ಹುಡುಗಿಯೊಬ್ಬಳು "ಕ್ಯೆರೊ ಕೆ ಬೆಂಗಾಸ್", ಅಂದರೆ 'ನೀನು ಬರಬೇಕು ಅಂತ ನನಗಾಸೆ', ಎಂದು ಅಮ್ಮನಿಗೆ ಫೋನಿನಲ್ಲಿ ಸಲೀಸಾಗಿ ಹೇಳುತ್ತಾಳೆ. ಅದರಲ್ಲಿ ಸಬ್‌ಜಂಕ್ಟಿವ್ ಇದೆ, ಸರಿಯಾಗಿಯೂ ಇದೆ. ಆದರೆ ಪರೀಕ್ಷೆಯಲ್ಲಿ ಆ ಹೆಸರು ಕಂಡರೆ ಖಾಲಿ ಬಿಟ್ಟು ಬರುತ್ತಾಳೆ. ಫಲಿತಾಂಶ: ಮೊದಲ ಸೆಮಿಸ್ಟರ್, 'ನನ್ನ ಹೆಸರು ಇಂಥದ್ದು' ಪಾಠ.

ಇಲಿನಾಯ್ ವಿಶ್ವವಿದ್ಯಾಲಯದ ಸಿಲ್ವಿನಾ ಮೊಂಟ್ರುಲ್ ಮತ್ತು ಜೊತೆಗಾರರು ಸ್ಪ್ಯಾನಿಷ್ ಪದಗಳ ಲಿಂಗದ ಹೊಂದಾಣಿಕೆಯನ್ನು ಹಿಡಿದು ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಮಾತಿನಲ್ಲಿ ಪರೀಕ್ಷಿಸಿದಾಗ ಹೆರಿಟೇಜ್ ಮಕ್ಕಳು ಮುಂದೆ. ಬರಹದಲ್ಲಿ ಪರೀಕ್ಷಿಸಿದಾಗ ಕ್ಲಾಸಿನಲ್ಲಿ ಕಲಿತವರು ಮುಂದೆ. ಅಂದರೆ ಕಾಗದದ ಪರೀಕ್ಷೆ ಮೊದಲೇ ಒಂದು ಗುಂಪಿನ ಪರ ವಾಲಿರುತ್ತದೆ.

ಅಮೆರಿಕದ ಕನ್ನಡದ ಮನೆಗಳ ಮಕ್ಕಳು ಈ ಚಿತ್ರದ ಇನ್ನೊಂದು ತುದಿಯಲ್ಲಿ ಸಿಗುತ್ತಾರೆ. ಮಿಡ್ಲ್ ಸ್ಕೂಲಿನಿಂದ ಸ್ಪ್ಯಾನಿಷ್ ತೆಗೆದುಕೊಂಡು, ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಯಲ್ಲಿ 5ಕ್ಕೆ 5 ಅಂಕ ತಂದು, ಸೀದಾ ಮೇಲಿನ ಕ್ಲಾಸಿಗೆ ಬರುತ್ತಾರೆ. ನಿಯಮವೆಲ್ಲ ಬಾಯಿಪಾಠ. ಟಾಕೋ ಅಂಗಡಿಯವನು ವೇಗವಾಗಿ ಎರಡು ಮಾತಾಡಿದರೆ ಮುಖ ಮುಖ ನೋಡುತ್ತಾರೆ. ಅದೇ ಮಕ್ಕಳು ಕನ್ನಡದ ವಿಷಯಕ್ಕೆ ಬಂದರೆ ಅಪ್ಪಟ ಹೆರಿಟೇಜ್ ಸ್ಪೀಕರ್‌ಗಳು. ಅಜ್ಜಿ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅವರಿಗೆ ವಾರಾಂತ್ಯದ ಕನ್ನಡ ಶಾಲೆ ಸಿಕ್ಕರೆ ಪುಣ್ಯ. ಸ್ಪ್ಯಾನಿಷ್‌ಗೆ ಜನಬಲವಿದೆ. ಅಮೆರಿಕದಲ್ಲಿ ಮನೆಯಲ್ಲಿ ಅದನ್ನಾಡುವವರು 4 ಕೋಟಿ ಮೀರಿದ್ದಾರೆ. ಅದಕ್ಕೇ ಪ್ರತ್ಯೇಕ ಕೋರ್ಸು, ಪಠ್ಯಪುಸ್ತಕ, ಸಂಶೋಧನೆ ಎಲ್ಲ ಸಾಧ್ಯವಾಯಿತು.

ನನಗೆ ಕೈ ಕೊಡದ ಪ್ಲೇಸ್‌ಮೆಂಟ್ ಇಷ್ಟೇ: ಒಂದು ಪ್ರಶ್ನಾವಳಿ, ಒಂದು ಪುಟ ಬರಹ, ಸ್ವಲ್ಪ ಹೊತ್ತು ಹರಟೆ. ಮನೆಯಲ್ಲಿ ಯಾರ ಜೊತೆ ಸ್ಪ್ಯಾನಿಷ್? ಅಕ್ಕ ತಮ್ಮಂದಿರ ಜೊತೆ ಯಾವುದು? ಯಾವ ದೇಶದಲ್ಲಾದರೂ ಸ್ಪ್ಯಾನಿಷ್‌ನಲ್ಲಿ ಶಾಲೆ ಓದಿದ್ದೀಯಾ? ಈ ಕೊನೆಯ ಪ್ರಶ್ನೆಯೇ ಮುಖ್ಯ. ಪ್ರಾಥಮಿಕ ಶಾಲೆಯನ್ನು ಮೆಕ್ಸಿಕೋದಲ್ಲಿ ಮುಗಿಸಿ ಬಂದವನಿಗೆ ನನ್ನ ಕ್ಲಾಸೇ ಬೇಡ, ಸಾಹಿತ್ಯದ ಕ್ಲಾಸಿಗೆ ಕಳಿಸುತ್ತೇನೆ. ಕೇಳಿದರೆ ತಿಳಿಯುತ್ತದೆ ಆದರೆ ಬಾಯಿ ತೆರೆಯಲು ಹೆದರಿಕೆ ಎನ್ನುವವರಿಗೆ ಬೇರೆ ಗುಂಪು ಬೇಕು. ಗ್ವಾಟೆಮಾಲಾ ಅಥವಾ ಮೆಕ್ಸಿಕೋದ ಓಆಹಾಕಾ ಕಡೆಯ ಕೆಲವು ಮನೆಗಳಲ್ಲಿ ಅಜ್ಜಿಯ ಮಾತು ಕಿಚೆ ಅಥವಾ ಮಿಶ್ಟೆಕ್ ಎಂಬ ಮೂಲನಿವಾಸಿ ಭಾಷೆ. ಆ ಮಕ್ಕಳಿಗೆ ಸ್ಪ್ಯಾನಿಷ್ ಹೆತ್ತವರು ಕಲಿತ ಎರಡನೆಯ ಭಾಷೆ. 'ಹಿಸ್ಪಾನಿಕ್ ಹೆಸರು ಇದ್ದರೆ ಹೆರಿಟೇಜ್ ಕ್ಲಾಸು' ಅಂತ ಕಂಪ್ಯೂಟರಿಗೆ ಹೇಳಿಕೊಟ್ಟರೆ ಇವರೆಲ್ಲ ಒಂದೇ ಕೋಣೆಯಲ್ಲಿ ಬಂದು ಕೂರುತ್ತಾರೆ.

ಕ್ಲಾಸಿನಲ್ಲಿ ಮೊದಲು ಹಿಡಿಯುವುದು ಬರಹವನ್ನು. ಸ್ಪ್ಯಾನಿಷ್‌ನಲ್ಲಿ 'ಬಿ' ಮತ್ತು 'ವಿ' ಅಕ್ಷರಗಳಿಗೆ ಒಂದೇ ಉಚ್ಚಾರ. 'ಎಚ್' ಬರೆಯುತ್ತಾರೆ, ಓದುವುದಿಲ್ಲ. ಲ್ಯಾಟಿನ್ ಅಮೆರಿಕದಲ್ಲಿ 'ಎಸ್', 'ಝಡ್', ಮೃದುವಾದ 'ಸಿ' ಮೂರೂ ಒಂದೇ ಥರ ಕೇಳುತ್ತವೆ. ಕಿವಿಯಿಂದ ಕಲಿತವರು ಕಿವಿ ಹೇಳಿದಂತೆ ಬರೆಯುತ್ತಾರೆ. ಇಂಥ ತಪ್ಪುಗಳು ಪುಸ್ತಕದಿಂದ ಕಲಿತವರಲ್ಲಿ ಕಡಿಮೆ. ಸ್ವರದ ಮೇಲಿನ ಗೀಟು, ಅಸೆಂಟೊ, ಇನ್ನೊಂದು ತಲೆನೋವು. 'ಆಬ್ಲೊ' ಎಂಬಲ್ಲಿ ಮೊದಲ ಸ್ವರ ಒತ್ತಿದರೆ 'ನಾನು ಮಾತಾಡುತ್ತೇನೆ', ಕೊನೆಯದನ್ನು ಒತ್ತಿದರೆ 'ಅವನು ಮಾತಾಡಿದ'. ಬಾಯಲ್ಲಿ ಯಾರೂ ತಪ್ಪುವುದಿಲ್ಲ. ಕಾಗದದ ಮೇಲೆ ಗೀಟು ಮಾಯ. ಇಲ್ಲಿ ನಿಯಮದಿಂದ ಶುರು ಮಾಡಿದರೆ ಕೆಲಸ ಕೆಟ್ಟಿತು. ನಾನು ಜೋರಾಗಿ ಓದಿಸುತ್ತೇನೆ. ಒತ್ತು ಎಲ್ಲಿ ಬಿತ್ತು ಅಂತ ಅವರ ಕಿವಿಯೇ ಹೇಳುತ್ತದೆ. ನಿಯಮ ಆಮೇಲೆ ಬಂದರಾಯಿತು.

ತಿದ್ದುವಾಗ ಇನ್ನೂ ಎಚ್ಚರ ಬೇಕು. 'ಆಯ' ('ಇರಲಿ') ಎನ್ನಬೇಕಾದಲ್ಲಿ 'ಆಯ್ಗ' ಎಂದವರನ್ನು, 'ಟ್ರಾಹೆ' ('ನಾನು ತಂದೆನು') ಬದಲು 'ಟ್ರೂಹೆ' ಎಂದವರನ್ನು ಹಿಂದಿನ ಮೇಷ್ಟ್ರುಗಳು ಕ್ಲಾಸಿನಲ್ಲೇ ನಗೆಪಾಟಲು ಮಾಡುತ್ತಿದ್ದರು. ಇವು ಮೆಕ್ಸಿಕೋದ ಹಳ್ಳಿಗಳಲ್ಲಿ ಇಂದಿಗೂ ಇರುವ ರೂಪಗಳು. 'ಟ್ರೂಹೆ' ಅಂತೂ 16-17ನೇ ಶತಮಾನದ ಸ್ಪೇನಿನ ಬರಹಗಳಲ್ಲೇ ಸಿಗುತ್ತದೆ. ಅಪ್ಪನ ಬಾಯಿಂದ ಬಂದ ಮಾತನ್ನು ತಪ್ಪು ಎಂದರೆ ಆ ಹುಡುಗನಿಗೆ ಅಪ್ಪನೇ ತಪ್ಪು ಎಂದಂತೆ ಕೇಳಿಸುತ್ತದೆ. ಹಾಗಂತ ಎಲ್ಲವೂ ಸರಿ ಎಂದು ಬಿಡುವ ಪಕ್ಷವೂ ನನ್ನದಲ್ಲ. ಕೆಲಸದ ಅರ್ಜಿಯಲ್ಲಿ 'ಆಯ್ಗ' ಬರೆದರೆ ಓದುವವರು ಏನಂದುಕೊಳ್ಳುತ್ತಾರೆ ಎಂಬುದು ವಿದ್ಯಾರ್ಥಿಗೆ ಗೊತ್ತಿರಬೇಕು. ಮನೆಯಲ್ಲಿ ಒಂದು, ಕಚೇರಿಯಲ್ಲಿ ಒಂದು. ಇದನ್ನು ಕನ್ನಡದವರಿಗೆ ಬಿಡಿಸಿ ಹೇಳಬೇಕೇ?

ಸ್ಪ್ಯಾನಿಷ್‌ನಲ್ಲಿ ಬಾಯಿ ತೆರೆಯಲು ಹೆದರುವ ಈ ಅಂಜಿಕೆಗೆ ಚರಿತ್ರೆಯೂ ಇದೆ. 1960ರ ದಶಕದವರೆಗೂ ಟೆಕ್ಸಸ್‌ನ ಎಷ್ಟೋ ಶಾಲೆಗಳಲ್ಲಿ ಸ್ಪ್ಯಾನಿಷ್ ಆಡಿದರೆ ಏಟು ಬೀಳುತ್ತಿತ್ತು. ಏಟು ತಿಂದವರು ತಮ್ಮ ಮಕ್ಕಳಿಗೆ ಬರೀ ಇಂಗ್ಲಿಷ್ ಕಲಿಸಿದರು. ಕ್ಯಾಲಿಫೋರ್ನಿಯಾ 1998ರಲ್ಲಿ ಜನಮತದ ಮೂಲಕ ದ್ವಿಭಾಷಾ ಶಿಕ್ಷಣಕ್ಕೆ ಕಡಿವಾಣ ಹಾಕಿ, 2016ರಲ್ಲಿ ಮತ್ತೆ ಜನಮತದಿಂದಲೇ ಅದನ್ನು ತೆಗೆಯಿತು. ಈಗ ಛೇಡಿಸುವವರು ಬೇರೆ. ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಹೇಳಿದ ಪ್ರಕಾರ, ಸ್ಪ್ಯಾನಿಷ್ ಸರಿಯಾಗಿ ಬಾರದ ಲ್ಯಾಟಿನೋಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ತಮ್ಮವರಿಂದಲೇ ಅದಕ್ಕಾಗಿ ಮುಜುಗರ ಅನುಭವಿಸಿದ್ದಾರೆ.

ಎರಡನೇ ಸೆಮಿಸ್ಟರ್‌ನಲ್ಲಿ ಮನೆಯಾಚೆಯ ಮಾತಿಗೆ ಬರುತ್ತೇವೆ. ಮನೆಯಲ್ಲಿ ಸಾಮಾನ್ಯವಾಗಿ 'ತೂ', ಅಂದರೆ 'ನೀನು' ಎಂದೇ ರೂಢಿ. ಎಲ್ ಸಾಲ್ವಡಾರ್‌ನವರಾದರೆ 'ಬೋಸ್', ಅದು ಎಷ್ಟೋ ಪಠ್ಯಪುಸ್ತಕಗಳಲ್ಲಿ ಅಡಿಟಿಪ್ಪಣಿಯಷ್ಟೇ. 'ಉಸ್ತೇದ್', ಅಂದರೆ 'ನೀವು', ಹಚ್ಚಿ ಅಪರಿಚಿತರಿಗೆ ಪತ್ರ ಬರೆಯುವುದು ಇವರಿಗೆ ಹೊಸದು. ಹಾಗಾಗಿ ಮನೆಯೊಡೆಯನಿಗೆ ದೂರು, ಪ್ರೊಫೆಸರಿಗೆ ಮನವಿ, ಆಸ್ಪತ್ರೆಯ ಒಪ್ಪಿಗೆ ಪತ್ರ ಇವೇ ನಮ್ಮ ಪಾಠಗಳು.

ಆಸ್ಪತ್ರೆಯ ಪಾಠಕ್ಕೆ ಉತ್ಸಾಹ ಜಾಸ್ತಿ. ನನ್ನ ಕ್ಲಾಸಿನಲ್ಲಿ ನರ್ಸಿಂಗ್ ಓದುವವರು ಯಾವಾಗಲೂ ಇರುತ್ತಾರೆ. ಚಿಕ್ಕವರಿದ್ದಾಗ ಅಮ್ಮನ ಜೊತೆ ಕ್ಲಿನಿಕ್ಕಿಗೆ ಹೋಗಿ ಡಾಕ್ಟರ ಮಾತನ್ನು ಸ್ಪ್ಯಾನಿಷ್‌ಗೆ ತಿರುಗಿಸಿದವರೇ ಹೆಚ್ಚು. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ತುರ್ತು ಸಂದರ್ಭ ಬಿಟ್ಟು ಮಕ್ಕಳನ್ನು ದುಭಾಷಿಯಾಗಿ ಬಳಸಬಾರದು ಎಂದು 2016ರ ಕೇಂದ್ರ ನಿಯಮ ಹೇಳಿತು. ಇವರಲ್ಲಿ ಎಷ್ಟೋ ಮಂದಿ ಅದಕ್ಕಿಂತ ಮುಂಚೆಯೇ ಈ ಕೆಲಸ ಶುರು ಮಾಡಿದ್ದವರು. ಹೊಟ್ಟೆನೋವು, ತಲೆಸುತ್ತು ಇವೆಲ್ಲ ಆ ಮಕ್ಕಳಿಗೆ ಚೆನ್ನಾಗಿ ಬರುತ್ತಿದ್ದವು. ಅರಿವಳಿಕೆ, ಅಡ್ಡಪರಿಣಾಮ ಬಂದಾಗ ಊಹಿಸಿ ಹೇಳುತ್ತಿದ್ದರು. ಈಗ ಅದೇ ಒಪ್ಪಿಗೆ ಪತ್ರವನ್ನು ಅವರ ಮುಂದಿಡುತ್ತೇನೆ. ಮೊದಲು ಆಸ್ಪತ್ರೆಯ ಸ್ಪ್ಯಾನಿಷ್‌ನಲ್ಲಿ ಬರೆಯಬೇಕು. ಆಮೇಲೆ ಅದನ್ನೇ ಓದು ಬಾರದ ಅತ್ತೆಯೊಬ್ಬರಿಗೆ ಅವರ ಮಾತಿನಲ್ಲಿ ಬಿಡಿಸಿ ಹೇಳಬೇಕು. ಎರಡಕ್ಕೂ ಸಮ ಅಂಕ. ಎಪಿಯಲ್ಲಿ 5 ತಂದವರಾದರೆ ಈ ಎರಡನೆಯ ಭಾಗದಲ್ಲಿ ಒದ್ದಾಡುತ್ತಾರೆ. ನನ್ನ ಹೆರಿಟೇಜ್ ವಿದ್ಯಾರ್ಥಿಗಳು ಅದನ್ನು ಟಿಪ್ಪಣಿ ಕೂಡ ನೋಡದೆ ಮುಗಿಸುತ್ತಾರೆ.