'ಪೋಲೋ ಇದೇನಾ?' ಮೈಸೂರು ಝೂನ ಗೊರಿಲ್ಲಾಗಳ ಹಿಂದಿನ ಕಥೆ

ಮೈಸೂರು ಝೂನಲ್ಲಿ ಗೊರಿಲ್ಲಾ ಮನೆಯ ಮುಂದೆ ಐದು ನಿಮಿಷ ನಿಂತರೆ ಸಾಕು, ಯಾರಾದರೂ ಕೇಳುತ್ತಾರೆ: "ಪೋಲೋ ಇದೇನಾ?" ಅಲ್ಲ. ಇಲ್ಲಿದ್ದ ಹಳೆಯ ಗೊರಿಲ್ಲಾ ಪೋಲೋ ಸತ್ತಿದ್ದು 2014ರಲ್ಲಿ. ಈಗ ಇರುವುದು ಥಾಬೊ ಮತ್ತು ದೆಂಬಾ. ನಡುವೆ ಏಳು ವರ್ಷ ಆ ಜಾಗದಲ್ಲಿ ಗೊರಿಲ್ಲಾನೇ ಇರಲಿಲ್ಲ.

ಝೂನ ಹಳೆಯ ಕಥೆ ಬಹಳ ಜನರಿಗೆ ಗೊತ್ತು. 1892ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರ್ ಖಾಸ್ ಬಂಗಲೆಯ 10 ಎಕರೆಗೂ ಮಿಕ್ಕ ಜಾಗದಲ್ಲಿ ಶುರು ಮಾಡಿದರು. 1909ರಲ್ಲಿ ಅದಕ್ಕೆ ಅವರ ಹೆಸರೇ ಬಂತು. ಗಿಡಮರಗಳ ವಿನ್ಯಾಸ ಲಾಲ್‌ಬಾಗ್ ಖ್ಯಾತಿಯ ಕ್ರುಂಬಿಗಲ್ ಅವರದು. 1948ರಲ್ಲಿ ಸರ್ಕಾರಕ್ಕೆ, 1972ರಲ್ಲಿ ಅರಣ್ಯ ಇಲಾಖೆಗೆ, 1979ರಲ್ಲಿ ಪ್ರತ್ಯೇಕ ಪ್ರಾಧಿಕಾರಕ್ಕೆ ಝೂನ ಆಡಳಿತ ಹೋಯಿತು. ಪಕ್ಕದ ಕಾರಂಜಿ ಕೆರೆಯೂ ಸೇರಿಕೊಂಡಿತು. ಕಂಬಿಯ ಬದಲು ಕಂದಕದಾಚೆ ಹುಲಿ, ಸಿಂಹ ನೋಡುವುದೇ ಇಲ್ಲಿನ ಸೊಗಸು. ಮಕ್ಕಳು ಮಾತ್ರ ಜಿರಾಫೆ ಮುಂದೆಯೇ ಜಾಸ್ತಿ ಹೊತ್ತು ನಿಲ್ಲುತ್ತಾರೆ.

ನನ್ನ ಮನಸ್ಸಲ್ಲಿ ಉಳಿದಿರುವುದು ಪೋಲೋ. ಅದು 1995ರಲ್ಲಿ ಐರ್ಲೆಂಡಿನ ಡಬ್ಲಿನ್ ಝೂನಿಂದ ಬಂತು. ಮುಂದೆ ಎಷ್ಟೋ ವರ್ಷ ಇಡೀ ಭಾರತದಲ್ಲಿ ಇದ್ದ ಒಂದೇ ಗೊರಿಲ್ಲಾ ಅದು. ನಾವು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಅದರ ಇನ್ನೊಂದು ಅರ್ಥ ಹೊಳೆದದ್ದು ತಡವಾಗಿ: ಅದಕ್ಕೆ ತನ್ನಂಥ ಇನ್ನೊಂದು ಜೀವ ಈ ದೇಶದಲ್ಲೇ ಇರಲಿಲ್ಲ.

ಒಮ್ಮೆ ಬೆಳಿಗ್ಗೆ ಬೇಗ ಹೋಗಿದ್ದೆ. ಪೋಲೋ ಗೋಡೆಗೆ ಬೆನ್ನು ಕೊಟ್ಟು ಕೂತಿತ್ತು. ಕೈಯಲ್ಲಿ ಒಂದು ಸೊಪ್ಪಿನ ಕಡ್ಡಿ. ಅದನ್ನು ತಿನ್ನುತ್ತಿರಲಿಲ್ಲ, ಸುಮ್ನೆ ತಿರುಗಿಸುತ್ತಿತ್ತು. ಮಕ್ಕಳು ಕೂಗಿದರೂ ಈ ಕಡೆ ನೋಡಲಿಲ್ಲ. ಬೆನ್ನಿನ ಬೆಳ್ಳಿಗೂದಲು ಬಿಸಿಲಿಗೆ ಹೊಳೆಯುತ್ತಿತ್ತು. ಕಾಡಿನಲ್ಲಿ ಅಂಥ ಬೆನ್ನಿನ ಗಂಡಿನ ಸುತ್ತ ಹೆಣ್ಣುಗಳು, ಮರಿಗಳು ಇರುತ್ತವೆ.

ಜೋಡಿ ತರಬೇಕು ಅನ್ನುವ ಮಾತು ಆಗಾಗ ಬರುತ್ತಿತ್ತು. ಅದು ಸುಲಭವೂ ಇರಲಿಲ್ಲ. ಗೊರಿಲ್ಲಾ ಅಳಿವಿನಂಚಿನ ಪ್ರಾಣಿ, ದುಡ್ಡು ಕೊಟ್ಟು ತರುವ ಹಾಗಿಲ್ಲ. ಯುರೋಪಿನ ಝೂಗಳು ಒಟ್ಟಾಗಿ ತಳಿ ಸಂರಕ್ಷಣೆ ನಡೆಸುತ್ತವೆ. ಯಾವ ಗೊರಿಲ್ಲಾ ಎಲ್ಲಿಗೆ ಹೋಗಬೇಕು ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ಪತ್ರ, ಅನುಮತಿ, ಮನೆಯ ತಯಾರಿ, ಎಲ್ಲಕ್ಕೂ ವರ್ಷಗಳು ಹಿಡಿಯುತ್ತವೆ. ಪೋಲೋ ಹತ್ತಿರ ಅಷ್ಟು ವರ್ಷ ಉಳಿದಿರಲಿಲ್ಲ. ಜೊತೆಗಾರರು ಸಿಗುತ್ತಾರೆ ಅಂತ ಖಚಿತವಾದ ಮೇಲೆ ಪ್ರಾಣಿಯನ್ನು ತರಬೇಕಿತ್ತು, ಅಲ್ವಾ?

ಮಧ್ಯೆ ಝೂಗೆ ಬೇರೆ ಕಷ್ಟಗಳೂ ಬಂದವು. 2004ರಲ್ಲಿ ಗಣೇಶ, ರೂಪಾ, ಕೋಮಲಾ ಎಂಬ ಆನೆಗಳು ಕೆಲವೇ ವಾರಗಳ ಅಂತರದಲ್ಲಿ ಸತ್ತವು. ವಿಷದ ಶಂಕೆ ಊರನ್ನೇ ನಡುಗಿಸಿತು. 2017ರಲ್ಲಿ ಹಕ್ಕಿಜ್ವರ, 2020ರಲ್ಲಿ ಕೊರೊನಾ ಬಾಗಿಲು ಮುಚ್ಚಿಸಿದವು. ಟಿಕೆಟ್ ದುಡ್ಡೇ ಆಧಾರವಾದ ಝೂಗೆ ಆಗ ಕೈಹಿಡಿದದ್ದರಲ್ಲಿ ಪ್ರಾಣಿ ದತ್ತು ಯೋಜನೆಯೂ ಒಂದು. ಯಾರೋ ಒಂದು ಗಿಳಿಗೆ, ಯಾರೋ ಒಂದು ಹುಲಿಗೆ ದುಡ್ಡು ಕಟ್ಟಿದರು.

2021ರ ಆಗಸ್ಟ್‌ನಲ್ಲಿ ಜರ್ಮನಿಯಿಂದ ಥಾಬೊ, ದೆಂಬಾ ಬಂದಿಳಿದವು. ಎರಡೂ ಗಂಡು. "ಹೆಣ್ಣು ಎಲ್ಲಿ?" ಅಂತ ಜನ ಕೇಳುತ್ತಾರೆ. ಪ್ರಾಯದ ಗಂಡು ಗೊರಿಲ್ಲಾಗಳು ತಾಯ್ಗುಂಪು ಬಿಟ್ಟು ಗಂಡುಗಳ ಜೊತೆಗೇ ಕೆಲಕಾಲ ಬದುಕುವುದುಂಟು. ಹಾಗಾಗಿ ಈ ಜೋಡಿ ವಿಚಿತ್ರವೇನಲ್ಲ.

ಮೊನ್ನೆ ನೋಡಿದಾಗ ಎರಡೂ ದೂರ ದೂರ ಕೂತಿದ್ದವು. ದೆಂಬಾ ಎದ್ದು ನಡೆಯಿತು. ಥಾಬೊ ತಲೆ ಎತ್ತಿ, ಅದು ಹೋದ ಕಡೆಗೇ ನೋಡಿತು.